ಹರಿಹರದಿಂದ ತಂದ ಗುಳಿಗೆ

ದಾವಣಗೆರೆಯ ನನ್ನ ಔಷಧಿ ಅಂಗಡಿಯಲ್ಲೊಂದು ರಿಜಿಸ್ಟರ್ ಇದೆ. ಕೆಂಪು ರಟ್ಟಿನದು, ಉದ್ದನೆಯದು. ಮಂಡಿಪೇಟೆ ವ್ಯಾಪಾರಸ್ಥರ ಖಾತೆ ಪುಸ್ತಕದ ಹಾಗೇ ಕಾಣುತ್ತದೆ. ಶೆಡ್ಯೂಲ್ ಎಚ್-1 ಅಂತ ಒಂದು ಪಟ್ಟಿ 2014ರಲ್ಲಿ ಜಾರಿಗೆ ಬಂತು. ಆ ಪಟ್ಟಿಯ ಔಷಧಿ ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು, ಯಾವ ಗುಳಿಗೆ, ಎಷ್ಟು ಕೊಟ್ಟೆ ಅಂತ ಬರೆದು ಮೂರು ವರ್ಷ ಜೋಪಾನ ಮಾಡಬೇಕು. ಕೆಲವು ಆ್ಯಂಟಿಬಯೋಟಿಕ್, ಟಿಬಿ ಔಷಧಿಗಳ ಜೊತೆಗೆ ಅಲ್ಪ್ರಜೋಲಾಮ್, ಜೋಲ್ಪಿಡೆಮ್‌ನಂಥ ಗಾಬರಿಯ, ನಿದ್ದೆಯ ಗುಳಿಗೆಗಳೂ ಅದರಲ್ಲಿವೆ.

ಆ್ಯಂಟಿಬಯೋಟಿಕ್ ಒಯ್ಯುವವರು ಹೆಸರು ಕೇಳಿದ ಕೂಡಲೇ ಹೇಳುತ್ತಾರೆ, ಮನೆತನದ ಹೆಸರೂ ಸೇರಿಸಿ. ನಿದ್ದೆ ಗುಳಿಗೆಯವರು ಹಾಗಲ್ಲ. ಚೀಟಿಯಲ್ಲಿ ಹೆಸರಿರುವ ಮೂಲೆಯನ್ನು ಒಳಕ್ಕೆ ಮಡಚಿಕೊಂಡು ಬಂದಿರುತ್ತಾರೆ. ನಾನು ಅದನ್ನು ಬಿಡಿಸುವಾಗ ರಸ್ತೆ ಕಡೆ ನೋಡುತ್ತಾರೆ. 'ನನಗಲ್ರೀ, ನಮ್ಮತ್ತಿಗೆ' ಅನ್ನುತ್ತಾರೆ. ಚೀಟಿಯಲ್ಲಿ ಮೂವತ್ತೆರಡು ವರ್ಷ, ಗಂಡು ಅಂತ ಇರುತ್ತದೆ. ನಾನು ಹೂಂ ಅಂದು ಬರೆದುಕೊಳ್ಳುತ್ತೇನೆ. ಹೋಗುವಾಗ ಕಪ್ಪು ಕವರ್ ಕೇಳುತ್ತಾರೆ. ನನ್ನ ಅಂಗಡಿಯಿಂದ ಕಪ್ಪು ಕವರಿನಲ್ಲಿ ಹೋಗುವ ಸಾಮಾನು ಮೂರೇ. ಪ್ಯಾಡು, ಕಾಂಡೋಮು, ಮನಸ್ಸಿನ ಗುಳಿಗೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯವರು ನಟಿ ದೀಪಿಕಾ ಪಡುಕೋಣೆ ಅವರನ್ನು ಮಾನಸಿಕ ಆರೋಗ್ಯದ ರಾಯಭಾರಿ ಮಾಡಿದರು. ಸುದ್ದಿ ಬಂದ ದಿನ ಅಂಗಡಿ ಮುಂದೆ ನಾಲ್ಕು ಜನ ಚಹಾ ಕುಡಿಯುತ್ತಾ ನಿಂತಿದ್ದರು. ದಿನಾ ನಿಲ್ಲುವವರೇ.

'ಹತ್ತು ವರ್ಷದಿಂದ ಅದೇ ಡಿಪ್ರೆಶನ್ ಇಟ್ಕೊಂಡು ಓಡಿಸ್ತಾ ಅದಾಳಲ್ಲಪ್ಪ' ಅಂದರು ಒಬ್ಬರು.

'ಕೋಟಿ ಕೋಟಿ ಐತಿ. ಎಂಥ ಬ್ಯಾಸರ ಬರ್ತತಿ ಅವ್ರಿಗೆ?'

'ನಂಗೂ ಬರ್ತತಿ ಬಿಡು, ತಿಂಗ್ಳಾ ತಿಂಗ್ಳಾ ಐದನೇ ತಾರೀಕು. ಗಾಡಿ ಕಂತು ಕಟ್ಟೋ ದಿನ.'

ಎಲ್ಲರೂ ನಕ್ಕರು. ಆ ನಾಲ್ವರಲ್ಲಿ ಒಬ್ಬರ ಹೆಸರು ನನ್ನ ರಿಜಿಸ್ಟರಿನಲ್ಲಿದೆ. ಯಾರು ಅಂತ ಹೇಳುವ ಹಾಗಿಲ್ಲ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. 2015ರ ಶುರುವಿನಲ್ಲಿ ದೀಪಿಕಾ ಮೊದಲ ಸಲ ತಮಗೆ ಖಿನ್ನತೆ ಆಗಿತ್ತು ಅಂತ ಹೇಳಿಕೊಂಡಾಗ, ಇದೇ ಕೌಂಟರಿನ ಹಿಂದೆ ಕೂತು ಪೇಪರ್ ಮಡಚುತ್ತಾ ನಾನೂ ಒಂದು ಮಾತು ಎಸೆದಿದ್ದೆ. ಏನಂದಿದ್ದೆ ಅನ್ನೋದು ನನಗೆ ಮರೆತೇ ಹೋಗಿತ್ತು. ನೆನಪಿಟ್ಟುಕೊಂಡವನು ಬೇರೊಬ್ಬ ಇದ್ದ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅನುಮಾನದ ಪರವಾಗಿ ನಾಲ್ಕು ಮಾತು ಆಡಲೇಬೇಕು. ಅದು ಸುಮ್ನೆ ಹುಟ್ಟಿದ್ದಲ್ಲ. ಸಿನಿಮಾದವರು ನಮಗೆ ಏನೇನು ಮಾರಿಲ್ಲ ಹೇಳಿ. ಬೆಳ್ಳಗಾಗುವ ಕ್ರೀಮು ಮಾರಿದರು. ಅದನ್ನು ನಾನೂ ಮಾರಿದೆ, ಇಲ್ಲೇ ಈ ಗಾಜಿನ ಹಿಂದೆ. ಏಲಕ್ಕಿ ಹೆಸರಲ್ಲಿ ಗುಟ್ಕಾ ಕಂಪನಿಯ ಡಬ್ಬಿ ಹಿಡಿದು ನಿಂತರು. ಎಣ್ಣೆ, ಟಾನಿಕ್ಕು, ಆನ್‌ಲೈನ್ ಜೂಜು, ಒಂದಾ ಎರಡಾ. ಸಿನಿಮಾ ಬಿಡುಗಡೆ ಹತ್ತಿರ ಬಂದಾಗ ಸರಿಯಾಗಿ ಸಂದರ್ಶನದಲ್ಲಿ ಕಣ್ಣೀರು ಹಾಕಿದವರನ್ನೂ ನೋಡಿದ್ದೇವೆ. ಅಳೋದೇ ಕಸುಬಾಗಿರುವವರು ಅತ್ತರೆ ಜನ ಒಂದು ಸಲ ಕಣ್ಣು ಕಿರಿದು ಮಾಡಿ ನೋಡಿದರೆ ತಪ್ಪೇನಿಲ್ಲ.

ಆದರೂ ಒಂದು ವಿಷಯ ನನ್ನ ತಲೆಗೆ ಹತ್ತುತ್ತಿಲ್ಲ. ಸುಳ್ಳು ಕಾಯಿಲೆಯ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಔಷಧಿ ಅಂಗಡಿಯವನಿಗೆ ನೀವು ಹೇಳಿಕೊಡಬೇಕಾಗಿಲ್ಲ. ರಜೆಗಾಗಿ ಮೆಡಿಕಲ್ ಸರ್ಟಿಫಿಕೇಟ್ ಹುಡುಕಿಕೊಂಡು ಬರುವವರು ವರ್ಷಪೂರ್ತಿ ಇರುತ್ತಾರೆ. 'ಯಾವ ಡಾಕ್ಟ್ರು ಕೊಡ್ತಾರ್ರೀ?' ಅಂತ ನನ್ನನ್ನೇ ಕೇಳುತ್ತಾರೆ. ಮದುವೆ ಸೀಸನ್ನಿನಲ್ಲಿ ಜಾಂಡೀಸು. ಎರಡು ವರ್ಷಕ್ಕೊಮ್ಮೆ ದುರ್ಗಮ್ಮನ ಜಾತ್ರೆ ಬಂತು ಅಂದರೆ ಅರ್ಧ ಊರಿಗೆ ಟೈಫಾಯ್ಡು. ಬೆನ್ನು ನೋವಂತೂ ಬಾರಾ ಮಾಸ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಬಂದು 'ಡಿಪ್ರೆಶನ್ ಅಂತ ಬರೆಸ್ಕೊಡ್ರಿ, ನಾಲ್ಕು ದಿನ ರಜಾ ಬೇಕು' ಅಂದಿಲ್ಲ. ಸುಳ್ಳು ಹೇಳೋರಿಗೆ ಈ ಕಾಯಿಲೆ ಬೇಡವೇ ಬೇಡ. ಉಲ್ಟಾ ನಿಜವಾಗಿ ಇದು ಇರುವವರು ಬೆನ್ನು ನೋವು ಅಂತಾರೆ, ಗ್ಯಾಸ್ ಅಂತಾರೆ, ಶುಗರ್ ಅಂತಾರೆ. ಅಮಿಟ್ರಿಪ್ಟಿಲಿನ್ ಅಂತ ಒಂದು ಹಳೆಯ ಗುಳಿಗೆ ಇದೆ. ಮೈಗ್ರೇನಿಗೂ ಕೊಡುತ್ತಾರೆ, ನರದ ನೋವಿಗೂ ಕೊಡುತ್ತಾರೆ, ಖಿನ್ನತೆಗೂ ಕೊಡುತ್ತಾರೆ. ಅದನ್ನು ಒಯ್ಯುವವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತದೆ. ಮನೆಯಲ್ಲಿ ತಲೆನೋವಿನ ಗುಳಿಗೆ ಅಂತ ಹೇಳಬಹುದಲ್ಲ.

ಅಂದಹಾಗೆ ಖಿನ್ನತೆ ಅನ್ನೋದು ಪೇಪರಿನ ಪದ. ನನ್ನ ಕೌಂಟರಿನಲ್ಲಿ ಆ ಪದವನ್ನು ಯಾರ ಬಾಯಲ್ಲೂ ಕೇಳಿಲ್ಲ. 'ಮನಸಿಗೆ ಸಮಾಧಾನ ಇಲ್ರೀ', 'ಎದಿ ಹೊಡ್ಕಂತತಿ', 'ಯಾಕೋ ಏನೂ ಬ್ಯಾಡ ಅನ್ಸಿಬಿಟ್ಟೈತಿ'. ಕೊನೆಯದು ಕೇಳಿದಾಗ ನಾನು ಈಗ ಕೈಯಲ್ಲಿದ್ದ ಕೆಲಸ ಕೆಳಗಿಡುತ್ತೇನೆ. ಮೊದಲೆಲ್ಲ ಇಡುತ್ತಿರಲಿಲ್ಲ.

ದೀಪಿಕಾಗೂ ದಾವಣಗೆರೆಗೂ ಒಂದು ನಂಟಿದೆ, ಬಹಳ ಜನಕ್ಕೆ ಮರೆತಿದೆ. 2015ರಲ್ಲಿ ಅವರು ಲಿವ್ ಲವ್ ಲಾಫ್ ಅಂತ ಒಂದು ಸಂಸ್ಥೆ ಕಟ್ಟಿದರು. ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆ ಇರುವವರನ್ನು ಹುಡುಕಿ ಚಿಕಿತ್ಸೆ ಕೊಡಿಸುವ ಅದರ ಕೆಲಸ 2016ರಲ್ಲಿ ಶುರುವಾಗಿದ್ದು ಎಲ್ಲಿಂದ ಗೊತ್ತಾ? ನಮ್ಮ ದಾವಣಗೆರೆ ಜಿಲ್ಲೆಯಿಂದಲೇ. ಆಕೆ ಸ್ವತಃ ಇಲ್ಲಿಗೆ ಬಂದು ಹೋದರು ಕೂಡ. ಅವತ್ತು ಊರಲ್ಲಿ ನಡೆದ ಮಾತು ಯಾವ ಸೀರೆ, ಎಷ್ಟು ಎತ್ತರ, ಸೆಲ್ಫಿ ಯಾರಿಗೆ ಸಿಕ್ತು ಅನ್ನೋದು. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಒಬ್ಬರು 'ಪ್ರಚಾರಕ್ಕೆ ನಮ್ಮೂರೇ ಬೇಕಿತ್ತಾ?' ಅಂದರು. ಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಹಳ್ಳಿಗಳಲ್ಲಿ ವರ್ಷಗಟ್ಟಲೆ ಹಿತ್ತಿಲ ಕೋಣೆಯಲ್ಲಿ ಕೂತವರಿದ್ದರು. ದೇವರಿಗೆ ಹರಕೆ, ದರ್ಗಾಕ್ಕೆ ಚಾದರ, ತಾಯತ ಎಲ್ಲ ಮುಗಿಸಿ ಸುಸ್ತಾದ ಮನೆಗಳಿದ್ದವು. ಪ್ರಚಾರಕ್ಕೇ ಬಂದರೂ ಗುಳಿಗೆ ಗುಳಿಗೆಯೇ.

ಈ ಸೀಮೆಗೆ ಇದು ಹೊಸತೂ ಅಲ್ಲ. ಆಗ ನಮ್ಮ ಪಕ್ಕದಲ್ಲೇ ಇದ್ದ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಿಮ್ಹಾನ್ಸ್‌ನವರು ಒಂದು ಪ್ರಯೋಗ ಮಾಡಿದರು. ಮನಸ್ಸಿನ ಕಾಯಿಲೆಯವರು ಬೆಂಗಳೂರಿಗೋ ಧಾರವಾಡಕ್ಕೋ ಹೋಗೋದು ಬೇಡ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ ಔಷಧಿ ಕೊಡಲಿ ಅಂತ ಅವರಿಗೆ ತರಬೇತಿ ಕೊಟ್ಟರು. ಆಗ ಹರಪನಹಳ್ಳಿ ಬಳ್ಳಾರಿಗೇ ಸೇರಿತ್ತು. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಇಷ್ಟಾದರೂ 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಕ್ಕಿದ್ದೇನು? ದೊಡ್ಡವರಲ್ಲಿ ನೂರಕ್ಕೆ ಹತ್ತು ಜನಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ. ಕಾಯಿಲೆ ಯಾವುದು ಅನ್ನೋದರ ಮೇಲೆ ಅವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಇಲ್ಲ. ಕಪ್ಪು ಕವರ್ ಹಿಡಿದು ನನ್ನ ಅಂಗಡಿ ಇಳಿದು ಹೋಗುವವರು ಉಳಿದ ಆ ಕೆಲವೇ ಮಂದಿ. ಅದೃಷ್ಟವಂತರು ಅನ್ನಬೇಕು.

ಈಗ 2014ಕ್ಕೆ ಬರೋಣ. ಆ ಒಂದೇ ವರ್ಷದಲ್ಲಿ ಇಬ್ಬರು ದೊಡ್ಡವರಿಗೆ ಒಂದೇ ಥರದ ಕಷ್ಟ ಆಯಿತು.

ಒಬ್ಬರು ವಿರಾಟ್ ಕೊಹ್ಲಿ. ಇಂಗ್ಲೆಂಡ್ ಪ್ರವಾಸ, ಐದು ಟೆಸ್ಟು, ಹತ್ತು ಇನಿಂಗ್ಸ್, ಒಟ್ಟು 134 ರನ್ನು. ಆಗ ತಾನು ಖಿನ್ನತೆಗೆ ಬಿದ್ದಿದ್ದೆ ಅಂತ ಅವರು 2021ರಲ್ಲಿ ಹೇಳಿಕೊಂಡರು. ಇನ್ನೊಬ್ಬರು ದೀಪಿಕಾ. 2014ರ ಫೆಬ್ರುವರಿಯಲ್ಲಿ ಒಂದು ಬೆಳಗ್ಗೆ ಏಳುವಾಗ ಹೊಟ್ಟೆಯಲ್ಲಿ ಏನೋ ಖಾಲಿ ಖಾಲಿ ಅನ್ನಿಸಿತಂತೆ. ಅದರ ಹಿಂದಿನ ವರ್ಷ ಅವರ ನಾಲ್ಕು ಸಿನಿಮಾ ಒಂದರ ಹಿಂದೆ ಒಂದು ಗೆದ್ದಿದ್ದವು.

ಕೊಹ್ಲಿಯನ್ನು ನಮ್ಮ ಚಹಾ ಗುಂಪು ತಕ್ಷಣ ನಂಬಿತು. 'ಪಾಪ, ಆ್ಯಂಡರ್ಸನ್ ಹಂಗ್ ಕಾಡಿದ್ನಲ್ಲ' ಅಂದರು. ರಾಬಿನ್ ಉತ್ತಪ್ಪ 2020ರಲ್ಲಿ ಹೇಳಿದಾಗಲೂ ಅಷ್ಟೇ. 2009ರಿಂದ 2011ರವರೆಗೆ ಖಿನ್ನತೆ ಇತ್ತು, ಜೀವವೇ ಬೇಡ ಅನ್ನಿಸುತ್ತಿತ್ತು ಅಂದರು. ಇಲ್ಲಿ ಯಾರೂ ನಗಲಿಲ್ಲ. ನಮ್ಮೂರ ವಿನಯ್ ಕುಮಾರ್ ಜೊತೆ ಒಂದೇ ರಣಜಿ ಟೀಮಿನಲ್ಲಿ ಆಡಿದ ಹುಡುಗ ಅನ್ನೋ ಅಭಿಮಾನವೂ ಇತ್ತು ಅನ್ನಿ. ಆದರೆ ಮುಖ್ಯ ಕಾರಣ ಬೇರೆ. ಭಾರತ ತಂಡದಿಂದ ಹೊರಬಿದ್ದಿದ್ದು ನಮಗೆಲ್ಲ ಗೊತ್ತಿತ್ತು. ಕ್ರಿಕೆಟಿಗರ ದುಃಖಕ್ಕೆ ಸ್ಕೋರ್‌ಕಾರ್ಡ್ ಇರುತ್ತದೆ. ಅದು ಲ್ಯಾಬ್ ರಿಪೋರ್ಟ್ ಇದ್ದ ಹಾಗೆ. ಇಗೋ ನೋಡಿ, ಇಷ್ಟು ಕಳಕೊಂಡಿದ್ದಾನೆ, ಅದಕ್ಕೇ ಇಷ್ಟು ಬೇಸರ.

ದೀಪಿಕಾ ಹತ್ತಿರ ಆ ರಸೀದಿ ಇರಲಿಲ್ಲ. ಗೆದ್ದವರ ದುಃಖಕ್ಕೆ ನಮ್ಮಲ್ಲಿ ಖಾತೆಯೇ ತೆರೆದಿಲ್ಲ. ಬೆಳೆ ಹೋಯಿತು ಅನ್ನಿ, ನಂಬುತ್ತೇವೆ. ಸಾಲ ಆಯಿತು, ಮಗಳ ಮದುವೆ ಮುರಿಯಿತು, ಮಿಲ್ಲು ಮುಚ್ಚಿತು ಅನ್ನಿ, ನಂಬುತ್ತೇವೆ. ದಾವಣಗೆರೆಗೆ ಇದು ಚೆನ್ನಾಗಿ ಗೊತ್ತು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಮೂಲೆ ಹಿಡಿದು ಕೂತ ಅಪ್ಪಂದಿರನ್ನು ನೋಡಿ ಬೆಳೆದವರು ನಾವು. ಅವರನ್ನು ಯಾರೂ ನಾಟಕ ಅನ್ನಲಿಲ್ಲ. ಕಳಕೊಂಡದ್ದು ಕಣ್ಣಿಗೆ ಕಂಡರೆ ಮಾತ್ರ ಕಣ್ಣೀರು ಅಸಲಿ. ಇಲ್ಲದಿದ್ದರೆ ಸೊಕ್ಕು. 'ಉಂಡು ಹೆಚ್ಚಾಗೈತಿ.'

ಹೆಣ್ಣು ಅನ್ನೋದೂ ಸೇರಿಕೊಂಡಿದೆ. ಅದನ್ನು ಬೇರೆ ಬಿಡಿಸಿ ಹೇಳಬೇಕಾ?

ಇನ್ನೊಂದು ತಮಾಷೆ. ಜಾತ್ರೆಯಲ್ಲಿ ಯಾರಿಗಾದರೂ ಮೈಮೇಲೆ ದೇವರು ಬಂದರೆ ನಾವು ರಿಪೋರ್ಟ್ ಕೇಳಲ್ಲ. ಬೇವಿನ ಸೊಪ್ಪು ಹಿಡಿದು, ದಾರಿ ಬಿಟ್ಟು, ಕೈಮುಗಿಯುತ್ತೇವೆ. ಕಾರಣ ಏನು, ನಿಜವಾ ಸುಳ್ಳಾ, ಯಾರೂ ಕೇಳಲ್ಲ. ಬಂತು ಅಂದರೆ ಬಂತು. ಕಣ್ಣಿಗೆ ಕಾಣದ್ದು ಮನುಷ್ಯನ ಮೈಯಲ್ಲಿ ಏನು ಮಾಡಬಲ್ಲದು ಅಂತ ಒಪ್ಪಿಕೊಳ್ಳೋಕೆ ನಮಗೇನೂ ಕಷ್ಟ ಇಲ್ಲ ಅಂತಾಯ್ತು. ಬೇಸರ ಬಂದಾಗ ಮಾತ್ರ ನಾವೆಲ್ಲ ದೊಡ್ಡ ವಿಜ್ಞಾನಿಗಳಾಗಿಬಿಡುತ್ತೇವೆ.

ಕಾರಣ ಕೇಳುವ ಚಟ ಪ್ರೀತಿ ಇರುವ ಕಡೆಯೂ ಇರುತ್ತದೆ. ದೀಪಿಕಾ ತಮ್ಮ ಅಮ್ಮನ ವಿಷಯ ಬಹಳ ಕಡೆ ಹೇಳಿಕೊಂಡಿದ್ದಾರೆ. ಮಗಳು ಅಳೋದು ಕಂಡು ಅಮ್ಮ ಎಲ್ಲ ತಾಯಂದಿರ ಹಾಗೆ ಒಂದೊಂದೇ ಕೇಳಿದರಂತೆ. ಹುಡುಗನ ವಿಷಯಾನಾ? ಕೆಲಸದಲ್ಲಿ ಏನಾದ್ರೂ ಆಯ್ತಾ? ಯಾವುದಕ್ಕೂ ಮಗಳ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲ ಅನ್ನೋದನ್ನೇ ಆ ತಾಯಿ ಉತ್ತರ ಅಂತ ತಗೊಂಡರು. ಇದಕ್ಕೆ ಡಾಕ್ಟರ್ ಬೇಕು ಅಂದರು. ಇಡೀ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣೋದು ಈ ಜಾಗ. ಯಾಕೆಂದರೆ ಅದೇ ಜಾಗದಲ್ಲಿ ನಾನು ಎಡವಿದೆ.

ಎಡವಿದ್ದಕ್ಕೆ ಮುಂಚೆ 2020ರದ್ದು ಒಂದು. ಮುಂಬೈಯಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡರು. ಅವರು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದರು ಅಂತ ಮುಂಬೈ ಪೊಲೀಸರು ಹೇಳಿದರು. ಟಿವಿ ನಂಬಲಿಲ್ಲ, ನಾವೂ ನಂಬಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಏಮ್ಸ್ ತಜ್ಞರು ಕೊಲೆಯಲ್ಲ ಅಂದರು. 2025ರ ಮಾರ್ಚ್‌ನಲ್ಲಿ ಸಿಬಿಐ ಮುಕ್ತಾಯ ವರದಿ ಕೊಟ್ಟಿತು. ಅಷ್ಟರಲ್ಲಿ ಎಷ್ಟು ಜನರ ಬದುಕು ಟಿವಿಯಲ್ಲಿ ಸುಟ್ಟಿತು ಅಂತ ನೋಡಿದ್ದೀರಿ. ಅದೇ ಗಲಾಟೆಯಲ್ಲಿ ಡಿಪ್ರೆಶನ್ ಅನ್ನೋ ಪದವೇ ಬೈಗುಳ ಆಗಿಹೋಯಿತು. ದೀಪಿಕಾ ಅವರ ಹಳೆಯ ಮಾತುಗಳನ್ನು ತಂದು ಲೇವಡಿ ಮಾಡಿದರು. ಬದುಕಿರುವವರು ಹೇಳಿದರೆ ನಾಟಕ ಅಂದೆವು. ಸತ್ತವರ ವಿಷಯದಲ್ಲೂ ಒಪ್ಪಲಿಲ್ಲ. ಇನ್ನೇನು ತಂದು ತೋರಿಸಬೇಕಿತ್ತೋ ನಮಗೆ.

ಸರಿ, ನನ್ನ ಭಾಮೈದನ ವಿಷಯ. ಇದನ್ನು ಬರೆಯಲಾ ಅಂತ ಅವನನ್ನೇ ಕೇಳಿದೆ. 'ಬರೀರಿ ಭಾವ, ಹೆಸರು ಹಾಕ್ಬೇಡ್ರಿ' ಅಂದ.

ಅವನು ಮೇಷ್ಟ್ರು. ಸರ್ಕಾರಿ ನೌಕರಿ. 2017ರಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ. ಹೋಳಿಗೆ ಊಟ, ಎಂಟುನೂರು ಜನ. ಅದಾಗಿ ಮೂರು ತಿಂಗಳಿಗೆ ಒಂದು ಸಂಜೆ ಅಂಗಡಿಗೆ ಬಂದು ಒಳಗಿನ ಸ್ಟೂಲಿನ ಮೇಲೆ ಕೂತ. ನಾನು ಎಕ್ಸ್‌ಪೈರಿ ಆದ ಮಾಲು ಬೇರೆ ಮಾಡುತ್ತಿದ್ದೆ. ಅವನು ಅದರಲ್ಲೊಂದು ಸ್ಟ್ರಿಪ್ ತಗೊಂಡು ಗುಳಿಗೆಗಳನ್ನು ಒಂದೊಂದಾಗಿ ಟಪ್ ಟಪ್ ಅಂತ ಒತ್ತಿ ಹೊರಗೆ ತೆಗೆದು, ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಇಡುತ್ತಾ ಹೋದ. ಹತ್ತೂ ಇಟ್ಟ. ಮತ್ತೆ ಆ ಹತ್ತನ್ನೂ ಖಾಲಿ ಗುಳಿಗಳೊಳಗೆ ವಾಪಸ್ ಕೂರಿಸೋಕೆ ನೋಡಿದ.

'ಭಾವ, ಬೆಳಗ್ಗೆ ಏಳೋಕಾಗ್ತಿಲ್ರಿ' ಅಂದ. 'ನಿದ್ದೆ ಬರಲ್ಲ ಅಂತಲ್ಲ. ನಾಲ್ಕಕ್ಕೇ ಎಚ್ಚರ ಆಗ್ತತಿ. ಏಳೋಕಾಗಲ್ಲ.'

ನಾನು ಕೇಳಿದೆ, ಸಾಲ ಜಾಸ್ತಿ ಆಯ್ತಾ? ಇಲ್ಲ. ಹೆಂಡ್ತಿ ಜೊತೆ ಏನಾದ್ರೂ? ಇಲ್ಲ. ಸ್ಕೂಲಲ್ಲಿ? ಇಲ್ಲ. ಮೂರು ಇಲ್ಲ ಆದ ಮೇಲೆ ನನ್ನ ಬಾಯಿಂದ ಬಂದದ್ದು, 'ಮತ್ತೇನಪಾ ನಿಂಗೆ ಕಮ್ಮಿಯಾಗಿರೋದು?'

ಅವನು ಮಾತಾಡಲಿಲ್ಲ. ನಾನು ಎದ್ದು ಒಂದು ಬಿ-ಕಾಂಪ್ಲೆಕ್ಸ್ ಸ್ಟ್ರಿಪ್ಪು, ಒಂದು ಟಾನಿಕ್ ಬಾಟಲಿ ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ. ದೊಡ್ಡ ಉಪಕಾರ ಮಾಡಿದ ಹಾಗೆ.

ಒಂದೂವರೆ ವರ್ಷ ಆದ ಮೇಲೆ ಒಂದು ದಿನ ಅವನ ಸ್ಕೂಟರ್ ತಗೊಂಡು ಎಲ್ಲಿಗೋ ಹೋಗಿದ್ದೆ. ಪಂಚರ್ ಆಯಿತು. ಕಾಗದಪತ್ರ ನೋಡೋಣ ಅಂತ ಡಿಕ್ಕಿ ತೆಗೆದೆ. ಒರೆಸುವ ಬಟ್ಟೆಯೊಳಗೆ ಸುತ್ತಿಟ್ಟ ಎಸ್ಸಿಟಾಲೋಪ್ರಾಮ್ ಸ್ಟ್ರಿಪ್ಪು, ಖಿನ್ನತೆಗೆ ಕೊಡುವ ಗುಳಿಗೆ. ಅರ್ಧ ಖಾಲಿ. ಜೊತೆಗೆ ಹರಿಹರದ ಒಂದು ಮೆಡಿಕಲ್ ಶಾಪಿನ ಬಿಲ್ಲು. ಅದೇ ಕಂಪನಿಯ ಅದೇ ಗುಳಿಗೆ ನನ್ನ ಅಂಗಡಿಯಲ್ಲಿ ಎಡಗಡೆ ಮೂರನೇ ಗೂಡಿನಲ್ಲಿ ಇರುತ್ತದೆ. ಹದಿನಾಲ್ಕು ಕಿಲೋಮೀಟರ್ ಸ್ಕೂಟರ್ ಓಡಿಸಿ, ಭಾವನ ಅಂಗಡಿ ದಾಟಿ, ಹರಿಹರಕ್ಕೆ ಹೋಗಿ ಕೊಂಡು ತರುತ್ತಿದ್ದ.

ಪಂಚರ್ ಅಂಗಡಿ ಮುಂದೆ ಆ ಸ್ಟ್ರಿಪ್ ಹಿಡಿದುಕೊಂಡು ನಿಂತಾಗ ನನಗೆ ಮೊದಲು ಬಂದದ್ದು ಸಿಟ್ಟು. ದುಃಖ ಅಲ್ಲ. ವ್ಯಾಪಾರಸ್ಥನ ಸಿಟ್ಟು.

ಆಮೇಲೆ ಕೂತು ಮಾತಾಡಿದೆವು. ಶಾಲೆಯ ಹತ್ತಿರದ ಹಳ್ಳಿಯ ಆಶಾ ಕಾರ್ಯಕರ್ತೆ ಒಬ್ಬರು ಅವನ ಮುಖ ನೋಡಿ ಕೇಳಿದರಂತೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರ್ ಬರ್ತಾರೆ, ಹೋಗಿ ಬನ್ನಿ ಸಾರ್ ಅಂದರಂತೆ. ಮನೋಚೈತನ್ಯ ಅಂತಾರಲ್ಲ, ಆ ಮಂಗಳವಾರದ ಕ್ಲಿನಿಕ್ಕು. ಹೋದ. ಗುಳಿಗೆ ಶುರು ಮಾಡಿದರು. ಮೊದಲ ಎರಡು ವಾರ ಏನೂ ಆಗಲಿಲ್ಲವಂತೆ, ಹೊಟ್ಟೆ ತೊಳಸಿದ್ದು ಬಿಟ್ಟರೆ. ಇದು ಹಾಗೇ. ಎರಡರಿಂದ ನಾಲ್ಕು ವಾರ ಬೇಕು. ನನ್ನ ಗಿರಾಕಿಗಳಲ್ಲಿ ಎಷ್ಟೋ ಜನ ಹತ್ತನೇ ದಿನಕ್ಕೇ 'ಮೋಸ ಇದು' ಅಂತ ಬಿಟ್ಟುಬಿಡುತ್ತಾರೆ. ಉಳಿದವರು ಮೂರು ತಿಂಗಳಿಗೆ ಚೆನ್ನಾಗಾದೆ ಅಂತ ತಾವಾಗಿಯೇ ನಿಲ್ಲಿಸಿ ಮತ್ತೆ ಬೀಳುತ್ತಾರೆ. ಚೆನ್ನಾದ ಮೇಲೂ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ, ಡಾಕ್ಟರ್ ಹೇಳಿದಷ್ಟು ದಿನ ತಗೊಳ್ಳಬೇಕು. ಬಿಡುವಾಗಲೂ ಅವರು ಹೇಳಿದ ಹಾಗೆ ನಿಧಾನಕ್ಕೆ. ಇಡೀ ಮನೆಮಂದಿ ಒಂದು ಸಲ ಹೋಗಿ ಬೆಣ್ಣೆದೋಸೆ ತಿಂದು ಬರುವ ದುಡ್ಡಿಗೆ ಒಂದು ತಿಂಗಳ ಗುಳಿಗೆ ಬರುತ್ತದೆ. ಇವನು ಪಾಠ ಮಾಡುವವನು, ಲೆಕ್ಕ ತಪ್ಪದೆ ತಗೊಂಡ.

'ನನ್ನ ಹತ್ರ ಯಾಕೆ ಬರಲಿಲ್ಲ?' ಅಂತ ಕೇಳಿದೆ.

'ಬಂದಿದ್ನಲ್ಲ ಭಾವ' ಅಂದ.

ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ. 2015ರಲ್ಲಿ ದೀಪಿಕಾ ಸುದ್ದಿ ಬಂದ ದಿನ ಅವನು ಅಂಗಡಿಯಲ್ಲೇ ಇದ್ದನಂತೆ, ಅವರಪ್ಪನ ಬಿಪಿ ಗುಳಿಗೆ ಒಯ್ಯೋಕೆ ಬಂದಿದ್ದ. ನಾನು ಪೇಪರ್ ಮಡಚಿ ಗಿರಾಕಿಯೊಬ್ಬರಿಗೆ ಹೇಳಿದ್ದೆನಂತೆ, 'ನಾಲ್ಕು ದಿನ ಹೊಲದಾಗೆ ಕಳೆ ಕೀಳಿಸಿದ್ರೆ ಎಲ್ಲಾ ಡಿಪ್ರೆಶನ್ನೂ ಹೋಗ್ತತಿ.' ಅವನು ಅದನ್ನು ನನ್ನ ದನಿಯಲ್ಲೇ ಹೇಳಿ ತೋರಿಸಿದ. ಮಕ್ಕಳಿಗೆ ಪಾಠ ಮಾಡುವವರಿಗೆ ಅನುಕರಣೆ ಚೆನ್ನಾಗಿ ಬರುತ್ತದೆ. ನಾನು ಹೊಲ ಬಿಟ್ಟು ಮೂವತ್ತು ವರ್ಷ ಆಗಿದೆ. ನಾಲ್ಕು ದಿನ ಅಲ್ಲ, ನಾಲ್ಕು ಗಂಟೆ ಕಳೆ ಕಿತ್ತರೆ ನನ್ನ ಸೊಂಟ ಹೋಗುತ್ತದೆ.

ಅವತ್ತಿಂದ ಅಂಗಡಿಯಲ್ಲಿ ಒಂದೆರಡು ಬದಲಾವಣೆ ಮಾಡಿದ್ದೇನೆ. ಹೆಸರು ಬರೆಯುವಾಗ ಜೋರಾಗಿ ಓದಲ್ಲ. ಕೌಂಟರಿನ ಗಾಜಿನ ಮೇಲೆ 14416 ಅಂತ ಒಂದು ಚೀಟಿ ಅಂಟಿಸಿದ್ದೇನೆ. ಟೆಲಿ ಮಾನಸ್, 2022ರಲ್ಲಿ ಸರ್ಕಾರ ಶುರು ಮಾಡಿದ್ದು, ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 'ಹೋಂ ಡೆಲಿವರಿ ನಂಬರಾ?' ಅಂತ ಬಹಳ ಜನ ಕೇಳುತ್ತಾರೆ. ಒಂಥರಾ ಹೌದು ಅನ್ನುತ್ತೇನೆ.

ಚಹಾ ಗುಂಪು ಈಗಲೂ ನಿಲ್ಲುತ್ತದೆ, ಈಗಲೂ ನಗುತ್ತದೆ. ಅವತ್ತು ಅಕ್ಟೋಬರ್‌ನಲ್ಲಿ ನಾನು ನಗಲಿಲ್ಲ. ಹಾಗಂತ ಎದ್ದು ಭಾಷಣವನ್ನೂ ಮಾಡಲಿಲ್ಲ. 'ನಾಟಕಾನೇ ಇರ್ಲಿ ಬಿಡ್ರಿ, ನಿಮ್ದೇನು ಗಂಟು ಹೋಗ್ತತಿ' ಅಂದೆ. ಜೋರಾಗಿ ನಕ್ಕವರು ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ಲೋಟ ಇಟ್ಟು ಹೋದರು.

ಭಾಮೈದ ಈಗ ಚೆನ್ನಾಗಿದ್ದಾನೆ. ನಡುವೆ ಗುಳಿಗೆ ನಿಂತಿತ್ತು. ಕಳೆದ ವರ್ಷ ಮತ್ತೆ ಬೇಕಾಯಿತು, ತಾನೇ ಡಾಕ್ಟರ ಹತ್ತಿರ ಹೋದ. ಈ ಸಲ ಮುಚ್ಚಿಡಲಿಲ್ಲ. ಊಟ ಆದ ಮೇಲೆ ನಮ್ಮೆದುರೇ ನುಂಗುತ್ತಾನೆ. ಕೊಳ್ಳೋದು ಮಾತ್ರ ಹರಿಹರದಲ್ಲೇ. ಅಲ್ಲಿ ಎಂಟು ಪರ್ಸೆಂಟ್ ಡಿಸ್ಕೌಂಟ್ ಕೊಡುತ್ತಾರಂತೆ.

ಹತ್ತು ಕೊಡ್ತೀನಿ ಬಾರಪಾ ಅಂದೆ. ನೋಡೋಣ ಭಾವ ಅಂದ.